ಶನಿವಾರದ ಫೈನಲ್‌ಗೆ ನಮ್ಮ 9ನೇ ನಂಬರ್ ಆಡ್ತಾನಾ ಇಲ್ವಾ? ಒಬ್ಬೊಬ್ರು ಒಂದೊಂದು ಹೇಳ್ತಿದಾರೆ

ಗಂಗೋತ್ರಿ ಗ್ಯಾಲರಿ · ಬುಧವಾರ ರಾತ್ರಿ 9:40

ಶನಿವಾರ ಮಧ್ಯಾಹ್ನ ಮೂರೂವರೆಗೆ ಇಂಟರ್ ಕಾಲೇಜು ಫುಟ್‌ಬಾಲ್ ಫೈನಲ್. ನಾವು ಮೈಸೂರು, ಎದುರಿಗೆ ಮಂಡ್ಯದವ್ರು. ಕಾಲೇಜ್ ಹೆಸ್ರು ಹಾಕಲ್ಲ, ಗೊತ್ತಿರೋರಿಗೆ ಗೊತ್ತಾಗುತ್ತೆ, ಹಾಕಿದ್ರೆ ನಾಳೆ ಬೆಳಿಗ್ಗೆ ಪಿಡಿ ಸಾರ್, ಅದೇ ಫಿಸಿಕಲ್ ಡೈರೆಕ್ಟರು, ರೂಮಿಗೆ ಕರೆಸಿ ಯಾವನಯ್ಯ ಅದು ಟೀಮ್ ವಿಷ್ಯ ಊರಿಗೆಲ್ಲ ಡಂಗುರ ಹೊಡೆದೋನು ಅಂತ ಶುರು ಮಾಡ್ತಾರೆ. ನಾನು ಪ್ಲೇಯರ್ ಅಲ್ಲ, ಬಾಟ್ಲಿಗೆ ನೀರು ತುಂಬೋದು, ಬಿಬ್ ಎಣಿಸೋದು, ಬಾಲಿಗೆ ಗಾಳಿ ಹೊಡೆಯೋದು, ಇಷ್ಟೇ ನನ್ ಪಾತ್ರ. ದಿನಾ ಅವರ ಜೊತೇನೇ ಇರೋ ನನ್ಗೇ ಗೊತ್ತಾಗ್ತಿಲ್ಲ ಅಂದ್ರೆ ನೋಡಿ.

ವಿಷ್ಯ 9ನೇ ನಂಬರ್‌ದು, ಮುಂದೆ ನಿಂತು ಗೋಲ್ ಹೊಡೆಯೋನು. ಹೋದ ಗುರುವಾರ ಕ್ವಾರ್ಟರ್ ಫೈನಲ್ಲಲ್ಲಿ ಥ್ರೂ ಬಾಲ್ ಹಿಂದೆ ಓಡ್ತಿದ್ದೋನು, ಯಾರೂ ಮುಟ್ಟೂ ಇಲ್ಲ, ಗಕ್ಕಂತ ನಿಂತು ತೊಡೆ ಹಿಂದುಗಡೆ ಹಿಡ್ಕೊಂಡ. ಮಂಗಳವಾರ ಸೆಮಿ ಆಡ್ಲಿಲ್ಲ, ಹೆಂಗೋ ಶೂಟೌಟಲ್ಲಿ ದಾಟಿದ್ವಿ. ಈಗ ಒಬ್ಬ ಹೇಳ್ತಾನೆ ಕುಕ್ಕರಹಳ್ಳಿ ಕೆರೆ ಸುತ್ತ ಓಡ್ತಿದ್ದ ಅಂತ, ಇನ್ನೊಬ್ಬ ಹಾಸ್ಟೆಲ್ ಮೆಟ್ಲಲ್ಲಿ ಗೋಡೆ ಹಿಡ್ಕೊಂಡು ಇಳೀತಿದ್ದ ಅಂತ, ಅವನ್ನೇ ಕೇಳಿದ್ರೆ ಆಡ್ತೀನಿ ಬಿಡೋ ಮಾರಾಯ ಅಂತಾನೆ, ಪಿಡಿ ಸಾರ್ ಕೇಳಿದ್ರೆ ಶನಿವಾರ ನೋಡೋಣ ಅಂತಾರೆ. ಶನಿವಾರ ನೋಡೋಕೆ ಅದೇನು ಜಾತಕಾನಾ?

ಉಳಿದೋರ ಕಥೆ ಕೇಳಿ. ಲೆಫ್ಟ್ ವಿಂಗ್ ಆಡೋ ಹುಡ್ಗ ಬೈಲಕುಪ್ಪೆಯವನು, ಲೋಸರ್ ಹಬ್ಬಕ್ಕೆ ಮನೆಗೆ ಹೋಗಿದಾನೆ, ಟಿಬೆಟಿಯನ್ನರಿಗೆ ಅದೇ ಹೊಸವರ್ಷ, ಬರಬೇಡ ಅನ್ನೋಕಾಗುತ್ತಾ. ಶುಕ್ರವಾರ ರಾತ್ರಿ ಬಸ್ಸಿಗೆ ಬರ್ತೀನಿ ಅಂದಿದಾನೆ. ರೈಟ್ ಬ್ಯಾಕ್‌ಗೆ ಶನಿವಾರ ಬೆಳಿಗ್ಗೆ ಇಂಟರ್ನಲ್ಸು, ಅದು ಬಿಟ್ರೆ ಮೊದ್ಲೇ 75% ಅಟೆಂಡೆನ್ಸ್ ಇಲ್ದಿರೋ ಗಿರಾಕಿ ಅದಕ್ಕೂ ಕಲ್ಲು, ಹಂಗಾಗಿ ಬರೆದು ಸೀದಾ ಗ್ರೌಂಡಿಗೆ. ಸ್ಟಾಪರ್, ಅಂದ್ರೆ ಡಿಫೆನ್ಸ್ ಮಧ್ಯದಲ್ಲಿ ನಿಲ್ಲೋ 4ನೇ ನಂಬರ್‌ಗೆ ಸೆಮಿಯಲ್ಲಿ ತಲೆ ತಲೆ ಡಿಕ್ಕಿ ಆಯ್ತು, ಆದ್ರೆ ಎದ್ದು ಮುಖ ತೊಳ್ಕೊಂಡು ಪೂರ್ತಿ ಆಡ್ದ, ಬಂಡೆ ಕಣ್ರೀ ಅವ್ನು, ಅವನ ಬಗ್ಗೆ ಟೆನ್ಷನ್ ಇಲ್ಲ. ಕೀಪರ್ ಓಕೆ.

ಕಪ್ಪು ಬಂದು ನಾಲ್ಕು ವರ್ಷ ಆಯ್ತು, ಎಲ್ಲರ ಕಣ್ಣೂ ಆ ಒಂದು ತೊಡೆ ಮೇಲಿದೆ. ನನ್ ಪ್ರಶ್ನೆ ಇಷ್ಟೇ, ಅವ್ನು ಆಡ್ತಾನಾ? ಅರ್ಧಂಬರ್ಧ ಸರಿ ಹೋಗಿದ್ರೂ ಇಳಿಸೋದು ಒಳ್ಳೇದಾ? ಅವ್ನಿಲ್ದೆ ನಮ್ಗೆ ಗೆಲ್ಲೋ ಚಾನ್ಸ್ ಇದ್ಯಾ?

ಸರಸ್ವತಿಪುರಂ ಸೈಕಲ್ · ಬುಧವಾರ ರಾತ್ರಿ 10:05

ಕೆರೆ ಹತ್ರ ನೋಡಿದ್ದು ನಾನೇ ಗುರು. ಓಡ್ತಿದ್ದ ಅಂತ ನಾನು ಹೇಳೇ ಇಲ್ಲ, ನಡೀತಿದ್ದ. ಅದೂ ಹೆಂಗೆ ಅಂದ್ರೆ ಬಲಗಾಲು ಪೂರ್ತಿ ಮುಂದಕ್ಕೆ ಚಾಚ್ತಾ ಇರ್ಲಿಲ್ಲ, ಅರ್ಧ ಹೆಜ್ಜೆಗೇ ಕೆಳಗಿಡ್ತಿದ್ದ. ವಾಕಿಂಗ್ ಬಂದ ಅಜ್ಜ ಒಬ್ರು ಅವನ್ನ ದಾಟ್ಕೊಂಡು ಹೋದ್ರು. ನಾನು ಗ್ರೂಪಲ್ಲಿ ಕೆರೆ ಹತ್ರ ಸಿಕ್ದ ಅಂತ ಹಾಕ್ದೆ, ಸಂಜೆ ಹೊತ್ತಿಗೆ ಅದು ಕೆರೆ ಸುತ್ತ ಮೂರು ರೌಂಡ್ ಓಡ್ದ ಅಂತ ಆಗೋಗಿದೆ. ನಮ್ ಜನ.

ಮಂಡ್ಯ ಮಿಡ್‌ಫೀಲ್ಡು · ಬುಧವಾರ ರಾತ್ರಿ 10:31

ಅಲ್ಲ ಕಣ್ರಪ್ಪ ಒಬ್ಬನ ತೊಡೆಗೆ ಇಷ್ಟೊಂದು ಗೋಳಾ. ನಮ್ಮದು ಕೇಳಿ ವಸಿ. ನಮ್ ಕ್ಯಾಪ್ಟನ್ನು ಸೆಮಿಯಲ್ಲಿ ಎರಡ್ನೇ ಹಳದಿ ತಿಂದು ಕೆಂಪಾಗಿ ಆಚೆ ಬಂದವ್ನೆ, ಫೈನಲ್ ಇಲ್ಲ. ಇನ್ನೊಬ್ಬನ ಅಪ್ಪ ಪಾಂಡವಪುರದ ಕಡೆ ಕಬ್ಬು ಕಡಿಸ್ತಾವ್ರೆ, ಆಲೆಮನೆಗೆ ಹೊಡೀಬೇಕು, ಆಳು ಸಿಕ್ತಿಲ್ಲ, ಮಗನೇ ಶುಕ್ರವಾರದ ಗಂಟ ಲೋಡ್ ಹೊರ್ತಾವ್ನೆ, ಶನಿವಾರ ಅವನ ಕಾಲಲ್ಲಿ ಏನ್ ಉಳಿದಿರ್ತದೋ ಆ ಶಿವನೇ ಬಲ್ಲ. ನಾವೇನ್ ಬಾಯಿ ಬಡ್ಕೊಂಡ್ವಾ?

ನಿಮ್ ಕೀಪರ್ ಓಕೆ ಅಂದ್ರಲ್ಲ, ಅವ್ನು ಬಾಲ್ ಹಿಡ್ಕೊಂಡ್ ಮಂಗಳಾರತಿ ಮಾಡ್ತಾ ನಿಂತ್ಕೋತಾನೆ, 2025ರಿಂದ ರೂಲ್ ಬದಲಾಗದೆ, 8 ಸೆಕೆಂಡ್ ದಾಟಿದ್ರೆ ಕಾರ್ನರ್ ಕೊಡ್ತಾರೆ, ಯೋಳಿ ಅವ್ನಿಗೆ. ಎಣಿಸೋಕೆ ನಾವೇ ಹತ್ತು ಜನ ಗೋಲ್ ಹಿಂದೆ ಕುಂತಿರ್ತೀವಿ.

ಫಿಸಿಯೋ ಹುಡುಗಿ · ಬುಧವಾರ ರಾತ್ರಿ 11:12

ನಾನು ಫಿಸಿಯೋಥೆರಪಿ ಇಂಟರ್ನ್‌ಶಿಪ್ ಮಾಡ್ತಿದೀನಿ, ಹುಡ್ಗನ್ನ ನೋಡದೆ ಡಯಾಗ್ನೋಸಿಸ್ ಹೇಳಲ್ಲ, ಆದ್ರೆ ನೀವು ಬರ್ದಿರೋದು ಓದಿದ್ರೆ ಹ್ಯಾಮ್‌ಸ್ಟ್ರಿಂಗ್ ಅನ್ಸುತ್ತೆ. ಯಾರೂ ಮುಟ್ಟದೆ ಫುಲ್ ಸ್ಪೀಡಲ್ಲಿ ಓಡೋವಾಗ ಆಗೋದು ಅದೇ. ಕಾಲು ಮುಂದಕ್ಕೆ ಬೀಸಿ ಇನ್ನೇನು ನೆಲಕ್ಕೆ ತಾಗ್ಬೇಕು ಅನ್ನೋವಾಗ ಮಂಡಿ ಬಿಚ್ಕೊಳ್ತಾ ಇರುತ್ತಲ್ಲ, ಅದನ್ನ ಬ್ರೇಕ್ ಹಾಕಿ ತಡೆಯೋದು ತೊಡೆ ಹಿಂದಿನ ಮಾಂಸಖಂಡ, ಅದು ಉದ್ದ ಆಗ್ತಾ ಆಗ್ತಾನೇ ಬಿಗಿ ಹಿಡೀಬೇಕು, ಅಲ್ಲೇ ಹರಿಯೋದು. ಅದಕ್ಕೇ ಅವ್ನು ಕೆರೆ ಹತ್ರ ಅರ್ಧ ಹೆಜ್ಜೆ ಇಡ್ತಿದ್ದಿದ್ದು. ಸೈಕಲ್ ಅವ್ರೇ ನೀವು ಸರಿಯಾಗಿ ನೋಡಿದೀರ.

ಸಣ್ಣದಾಗಿ ಹರಿದಿದ್ರೆ, ಅಂದ್ರೆ ಗ್ರೇಡ್ 1, ಸಾಮಾನ್ಯವಾಗಿ ಒಂದರಿಂದ ಮೂರು ವಾರ. ಗ್ರೇಡ್ 2 ಆದ್ರೆ ತಿಂಗಳು ದಾಟುತ್ತೆ. ಶನಿವಾರಕ್ಕೆ ಅವ್ನಿಗೆ ಒಂಬತ್ತು ದಿನ. ಹಂಗಾಗಿ ಅದೃಷ್ಟ ಚೆನ್ನಾಗಿದ್ರೆ ಅಂಚಲ್ಲಿದಾನೆ. ನಡೆದ್ರೆ ನೋವಿಲ್ಲ, ಮೆಲ್ಲಗೆ ಓಡಿದ್ರೆ ನೋವಿಲ್ಲ ಅನ್ನೋದು ಲೆಕ್ಕಕ್ಕೇ ಬರಲ್ಲ. ಅವನ್ನ ಮಲ್ಗಿಸಿ ಎರಡೂ ಕಾಲನ್ನ ಒಂದೊಂದಾಗಿ ಎತ್ತಿ ನೋಡಿ, ಎತ್ತರ ಒಂದೇ ಇರ್ಬೇಕು. ಆಮೇಲೆ ಮಂಡಿ ಮಡಚದೆ ಕಾಲನ್ನ ಜೋರಾಗಿ ಮೇಲಕ್ಕೆ ಝಾಡಿಸೋಕೆ ಹೇಳಿ. ನೋವು ಅನ್ನದಿದ್ರೂ ಹೆದರ್ಕೊಂಡು ಅರ್ಧಕ್ಕೇ ನಿಲ್ಲಿಸಿದ್ರೆ ಇನ್ನೂ ರೆಡಿ ಇಲ್ಲ ಅಂತ. ಕೊನೇಗೆ ಫುಲ್ ಸ್ಪೀಡ್ ಸ್ಪ್ರಿಂಟು, ಒಂದಲ್ಲ, ಐದಾರು. ನೋವಿನ ಮಾತ್ರೆ ನುಂಗಿ ಈ ಟೆಸ್ಟ್ ಮಾಡಿದ್ರೆ ಮಾಡದೇ ಇದ್ದಂಗೆ.

ಇನ್ನೊಂದು, ಊರಿಗೆ ಹೋಗಿ ಯಾರ ಹತ್ರಾನಾದ್ರೂ ಎಣ್ಣೆ ಹಾಕಿ ತಿಕ್ಕಿಸ್ಕೊಂಡ್ನಾ ಕೇಳಿ. ಹೊಸದಾಗಿ ಹರಿದಿರೋದನ್ನ ಗಟ್ಟಿಯಾಗಿ ತಿಕ್ಕಿದ್ರೆ ಇನ್ನೂ ರಕ್ತ ಕಟ್ಟುತ್ತೆ, ವಾರಕ್ಕೆ ಹೋಗೋದು ತಿಂಗಳಾಗುತ್ತೆ.

ಗಂಗೋತ್ರಿ ಗ್ಯಾಲರಿ · ಗುರುವಾರ ಬೆಳಿಗ್ಗೆ 7:20

ಮೇಡಮ್ ನಿಮ್ಗೆ ಹೆಂಗೆ ಗೊತ್ತಾಯ್ತು?? ಭಾನುವಾರ ನಂಜನಗೂಡಿನ ಕಡೆ ಅವರ ದೊಡ್ಡಪ್ಪನ ಮನೆಗೆ ಹೋಗಿ ತಿಕ್ಕಿಸ್ಕೊಂಡು ಬಂದಿದಾನಂತೆ, ನೀಲಿ ಆಗಿತ್ತು ಅಂತ ರೂಮ್‌ಮೇಟ್ ಹೇಳ್ದ.

ಹಳೇ ಬ್ಯಾಕು · ಗುರುವಾರ ಬೆಳಿಗ್ಗೆ 8:02

ನಾನು 2009ರ ಬ್ಯಾಚು, ಸೆಂಟ್ರಲ್ ಡಿಫೆನ್ಸ್ ಆಡ್ತಿದ್ದೆ, ಕಾಲೇಜ್ ಯಾವ್ದು ಅಂತ ಬೇಡ. ಆಡ್ತಾನಾ ಇಲ್ವಾ ಅನ್ನೋ ಪ್ರಶ್ನೆಯೇ ಸರಿ ಇಲ್ಲಪ್ಪ. ಎಷ್ಟು ನಿಮಿಷ ಆಡ್ತಾನೆ, ಯಾವ ಸ್ಪೀಡಲ್ಲಿ ಆಡ್ತಾನೆ, ಅದನ್ನ ಕೇಳ್ಬೇಕು.

2014ರ ಚಾಂಪಿಯನ್ಸ್ ಲೀಗ್, ಅದೇ ಯುರೋಪಿನ ಕ್ಲಬ್‌ಗಳ ಕಪ್, ಅದರ ಫೈನಲ್ ನೋಡಿದೋರು ಯಾರಾದ್ರೂ ಇದ್ರೆ ನೆನಪಿರುತ್ತೆ. ಅಟ್ಲೆಟಿಕೋ ಮ್ಯಾಡ್ರಿಡ್‌ನ ಡಿಯೇಗೋ ಕೋಸ್ಟಾ, ಇದೇ ಹ್ಯಾಮ್‌ಸ್ಟ್ರಿಂಗು, ಫೈನಲ್‌ಗೆ ಒಂದು ವಾರ ಮುಂಚೆ ಸ್ಪೇನ್ ಲೀಗಿನ ಕೊನೇ ಮ್ಯಾಚಲ್ಲಿ ಹಿಡ್ಕೊಂಡಿತ್ತು. ಬೆಲ್‌ಗ್ರೇಡ್‌ಗೆ ಹೋಗಿ ಕುದುರೆ ಗರ್ಭದ ಮಾಸು ಹಚ್ಚಿಸ್ಕೊಂಡು ಬಂದ, ಹೌದ್ರೀ ನಿಜವಾಗ್ಲೂ, ನಿಮ್ ನಂಜನಗೂಡಿನ ಎಣ್ಣೆ ವಾಸಿ. ಸ್ಟಾರ್ಟ್ ಮಾಡಿಸಿದ್ರು. ಒಂಬತ್ತು ನಿಮಿಷ. ಒಂಬತ್ತೇ ನಿಮಿಷಕ್ಕೆ ಆಚೆ ಬಂದ. ಆಗ ಇದ್ದಿದ್ದೇ ಮೂರು ಸಬ್‌ಸ್ಟಿಟ್ಯೂಟು, ಒಂದು ಅಲ್ಲೇ ಖರ್ಚು. ಆದ್ರೂ 93ನೇ ನಿಮಿಷದ ತನಕ 1-0 ಮುಂದಿದ್ರು, ಎದುರಿನ ರಿಯಲ್ ಮ್ಯಾಡ್ರಿಡ್‌ನ ರಾಮೋಸ್ ತಲೇಲಿ ಹೊಡೆದು ಸಮ ಮಾಡ್ದ, ಎಕ್ಸ್ಟ್ರಾ ಟೈಮಲ್ಲಿ ಅಟ್ಲೆಟಿಕೋದವರ ಕಾಲೇ ಬಿದ್ದೋಯ್ತು, 4-1 ಸೋತ್ರು. ಕೋಚ್ ಸಿಮಿಯೋನಿ ಆಮೇಲೆ ತಪ್ಪು ನಂದೇ ಅಂತ ಒಪ್ಕೊಂಡ.

2019ರಲ್ಲಿ ಅದೇ ಕಪ್ಪಿನ ಫೈನಲ್ಲಲ್ಲಿ ಇಂಗ್ಲೆಂಡಿನ ಟಾಟ್ನಮ್‌ದು ಇನ್ನೊಂದು ಥರ. ಹ್ಯಾರಿ ಕೇನ್ ಏಪ್ರಿಲ್‌ನಿಂದ ಕಣಕಾಲು ನೋವಂತ ಆಚೆ ಇದ್ದೋನು, ಸೀದಾ ಜೂನ್ 1ರ ಫೈನಲ್‌ಗೆ ಬಂದ. ಸೆಮಿಯಲ್ಲಿ ಮೂರು ಗೋಲ್ ಹೊಡೆದು ಟೀಮನ್ನ ಅಲ್ಲಿಗೆ ತಂದಿದ್ದ ಲೂಕಾಸ್ ಮೌರಾ ಬೆಂಚಲ್ಲಿ ಕೂತಿದ್ದ. 2-0 ಸೋತ್ರು. ಕೇನ್ ಕೆಟ್ಟದಾಗಿ ಆಡ್ದ ಅಂತಲ್ಲ, ಬಾಲೇ ಸಿಗ್ಲಿಲ್ಲ. ಸೆಮಿಯಲ್ಲಿ 9ರ ಬದ್ಲು ಆಡ್ದ ಹುಡುಗನ ಬಗ್ಗೆ ನೀವು ಒಂದು ಸಾಲೂ ಬರ್ದಿಲ್ಲ ನೋಡಿ.

ನನ್ ಕಥೆ ಸಣ್ಣದು. ಕಣಕಾಲು ಊದಿತ್ತು, ಮ್ಯಾಚ್ ದಿನ ಬೆಳಿಗ್ಗೆ ಯಾರೋ ಕರ್ಕೊಂಡ್ ಹೋಗಿ ಇಂಜೆಕ್ಷನ್ ಹಾಕಿಸಿದ್ರು, ಏನಿದು ಅಂತ ನಾನೂ ಕೇಳ್ಲಿಲ್ಲ ಅವ್ರೂ ಹೇಳ್ಲಿಲ್ಲ. ತೊಂಬತ್ತು ನಿಮಿಷ ಆಡ್ದೆ, ಗೆದ್ವಿ ಕೂಡ. ಫೋಟೋದಲ್ಲಿ ಕಪ್ ಹಿಡ್ಕೊಂಡು ನಿಂತಿದೀನಿ, ಎಡಗಾಲು ಬೂಟಿಂದ ತೆಗೆಯೋಕೆ ಲೇಸ್ ಕತ್ತರಿಸ್ಬೇಕಾಯ್ತು ಅದು ಫೋಟೋದಲ್ಲಿಲ್ಲ. ಈಗಲೂ ಚಾಮುಂಡಿ ಬೆಟ್ಟದ ಮೆಟ್ಲು ಹತ್ತೋವಾಗ ಏನೂ ಇಲ್ಲ, ಇಳಿಯೋವಾಗ ಎಡಗಾಲು ನಾನಿದೀನಿ ಅನ್ನುತ್ತೆ.

ಕೊಲಂಬಸ್ ತಮ್ಮ · ಗುರುವಾರ ಸಂಜೆ 6:45

ಒಂಟಿಕೊಪ್ಪಲ್ ಹುಡ್ಗ, ಓದೋಕೆ ಅಮೆರಿಕದ ಒಹಾಯೋಗೆ ಬಂದು ಮೂರು ವರ್ಷ. ಇಲ್ಲಿ ಕಾಲೇಜ್ ಫುಟ್‌ಬಾಲ್ ಅಂದ್ರೆ ಬೇರೆ ಆಟ, ಕೈಯಲ್ಲಿ ಹಿಡ್ಕೊಂಡು ಓಡೋದು, ಆದ್ರೆ ನಿಮ್ ಗೋಳು ಡಿಟ್ಟೋ ಇಲ್ಲೂ ಇದೆ. ಒಹಾಯೋ ಸ್ಟೇಟ್, ಮಿಷಿಗನ್ ಈ ಎರಡು ಯೂನಿವರ್ಸಿಟಿಗಳ ಮ್ಯಾಚ್ ಬಂತಂದ್ರೆ ವಾರಗಟ್ಲೆ ಯಾರಿದಾನೆ ಯಾರಿಲ್ಲ ಇದೇ ಮಾತು, ಸ್ಟೇಡಿಯಮ್ಮಿಗೆ ಒಂದು ಲಕ್ಷದ ಮೇಲೆ ಜನ, ಕಾಲೇಜ್ ಹುಡುಗರ ಆಟಕ್ಕೆ ಸ್ವಾಮಿ.

ಕೋಚ್‌ಗಳು ಮೊದ್ಲು ಇಲ್ಲೂ ಶನಿವಾರ ನೋಡೋಣ ಅಂತಾನೇ ಹೇಳ್ತಿದ್ರು. 2018ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ರಾಜ್ಯಗಳು ಬೆಟ್ಟಿಂಗ್‌ಗೆ ಪರ್ಮಿಷನ್ ಕೊಡ್ಬಹುದು ಅಂತು, ಆಮೇಲೆ ಒಳಗಿನ ಸುದ್ದಿಗೆ ರೇಟ್ ಬಂತು, ಹಾಸ್ಟೆಲ್ ಹುಡುಗರನ್ನ ಹಿಡಿದು ಇವತ್ತು ಅವ್ನು ಕುಂಟ್ತಿದ್ನಾ ಅಂತ ಕೇಳೋ ಮಟ್ಟಕ್ಕೆ. ಅದಕ್ಕೇ ಬಿಗ್ ಟೆನ್ ಅನ್ನೋ ಲೀಗ್ 2023ರಿಂದ ಮ್ಯಾಚಿಗೆ ಎರಡು ಗಂಟೆ ಮುಂಚೆ ಯಾರು ಅನುಮಾನ, ಯಾರು ಇಲ್ಲ ಅನ್ನೋ ಲಿಸ್ಟ್ ಹಾಕಲೇಬೇಕು ಅಂತ ಮಾಡ್ತು. ಎಸ್‌ಇಸಿ ಅಂತ ಇನ್ನೊಂದಿದೆ, ಅವ್ರು 2024ರಿಂದ ಮೂರು ದಿನ ಮುಂಚೆಯಿಂದ್ಲೇ ದಿನಾ ಹಾಕ್ತಾರೆ, ಆಡೋ ಸಾಧ್ಯತೆ ಜಾಸ್ತಿ, ಅನುಮಾನ, ತುಂಬಾ ಅನುಮಾನ, ಇಲ್ಲ, ಹಿಂಗೆ ಪ್ಲೇಯರ್ ಹೆಸರಿನ ಮುಂದೆ. ಸುಳ್ಳು ಹೇಳಿದ್ರೆ ಕಾಲೇಜಿಗೆ ದಂಡ.

ಅವ್ನಿಲ್ದೆ ಗೆಲ್ಲೋಕಾಗುತ್ತಾ ಅಂದ್ರಲ್ಲ, 2024 ನವೆಂಬರ್ 30ರ ಮ್ಯಾಚ್. ಮಿಷಿಗನ್‌ನ ಇಬ್ಬರು ದೊಡ್ಡ ಪ್ಲೇಯರ್ಸು ಲವ್‌ಲ್ಯಾಂಡ್ ಮತ್ತೆ ವಿಲ್ ಜಾನ್ಸನ್ ಇಬ್ರೂ ಇಲ್ಲ, ಒಹಾಯೋ ಸ್ಟೇಟ್‌ದು ಆ ವರ್ಷದ ಅತಿ ಬಲವಾದ ಟೀಮು, ಮುಂದೆ ಜನವರಿಯಲ್ಲಿ ದೇಶದ ಚಾಂಪಿಯನ್ನೇ ಆಯ್ತು. ಆವತ್ತು ಮಾತ್ರ ತಮ್ಮ ಸ್ವಂತ ಗ್ರೌಂಡಲ್ಲಿ 13-10 ಸೋತ್ರು. ನನ್ ಅಪಾರ್ಟ್‌ಮೆಂಟಲ್ಲಿ ಆ ರಾತ್ರಿ ಯಾರೂ ಲೈಟ್ ಹಾಕಿರ್ಲಿಲ್ಲ.

ಮಂಡ್ಯ ಮಿಡ್‌ಫೀಲ್ಡು · ಗುರುವಾರ ರಾತ್ರಿ 9:10

ತಮಾಷೆ ಸಾಕು, ಒಂದು ಮಾತು ಯೋಳ್ಬೇಕು ಅಂತ ನಿನ್ನೆಯಿಂದ ಮನ್ಸಲ್ಲಿತ್ತು, ನೀವು ನಂಬ್ತೀರೋ ಇಲ್ವೋ ಅಂತ ಸುಮ್ನಿದ್ದೆ. ಮಂಗಳವಾರ ನಮ್ ಸೆಮಿ ಮುಗಿಸ್ಕೊಂಡು ನಿಮ್ದೂ ನೋಡೋಣ ಅಂತ ನಿಮ್ ಗೋಲ್ ಹಿಂದೆನೇ ನಿಂತಿದ್ದೆ. 4ನೇ ನಂಬರ್ ಡಿಕ್ಕಿ ಆದ್ಮೇಲೆ ಮುಖ ತೊಳ್ಕೊಂಡು ಬಂದ್ನಲ್ಲ, ಕಾರ್ನರ್ ಟೈಮಲ್ಲಿ ನನ್ ಕಡೆ ತಿರುಗಿ ಅಣ್ಣ ಸ್ಕೋರ್ ಎಷ್ಟು ಅಂದ. ಒಂದೊಂದು ಅಂದೆ. ಎರಡು ನಿಮಿಷ ಬುಟ್ಟು ತಿರ್ಗ ಅಣ್ಣ ಸ್ಕೋರ್ ಎಷ್ಟು. ಮೂರ್ನೇ ಸಲ ಕೇಳ್ದಾಗ ನನ್ಗೆ ಒಂಥರಾ ಆಯ್ತು. ಶೂಟೌಟ್ ಆದ್ಮೇಲೆ ಎಲ್ರೂ ಕುಣೀತಿದ್ರೆ ಅವ್ನು ಪೋಸ್ಟ್ ಹತ್ರ ಕಣ್ಮುಚ್ಕೊಂಡ್ ಕುಂತಿದ್ದ.

ಗಂಗೋತ್ರಿ ಗ್ಯಾಲರಿ · ಗುರುವಾರ ರಾತ್ರಿ 9:18

ಬಾಸ್ ಬೇಜಾರಾಗ್ಬೇಡಿ, ಫೈನಲ್‌ಗೆ ಎರಡು ದಿನ ಇರೋವಾಗ ಎದುರು ಟೀಮಿನವ್ರು ಬಂದು ನಿಮ್ ಸ್ಟಾಪರ್‌ನ ಕೂರಿಸಿ ಅಂದ್ರೆ ನಾನು ಏನಂತ ತಿಳ್ಕೊಳ್ಲಿ?

ಮಂಡ್ಯ ಮಿಡ್‌ಫೀಲ್ಡು · ಗುರುವಾರ ರಾತ್ರಿ 9:21

ಏನಾದ್ರೂ ತಿಳ್ಕೊಳ್ಳಪ್ಪ. ಹುಡ್ಗನ್ನ ಕೇಳು ಮೊದ್ಲು.

ಫಿಸಿಯೋ ಹುಡುಗಿ · ಗುರುವಾರ ರಾತ್ರಿ 9:26

ಗ್ಯಾಲರಿ ಅವ್ರೇ ದಯವಿಟ್ಟು ಇದನ್ನ ಮೈಂಡ್ ಗೇಮ್ ಅಂತ ತಳ್ಳಬೇಡಿ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳೋದು ಕನ್ಕಷನ್‌ನ ಲಕ್ಷಣ, ಅಂದ್ರೆ ತಲೆಬುರುಡೆ ಒಳಗೆ ಮೆದುಳು ಅಲುಗಾಡಿ ಪೆಟ್ಟಾಗಿರೋದು. ಅದಕ್ಕೆ ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ, ಹೊರಗಡೆ ಗಾಯಾನೂ ಇರಲ್ಲ. ಆವತ್ತೇ ಆಚೆ ಕಳಿಸ್ಬೇಕಿತ್ತು, ಅದೇ ದಿನ ವಾಪಸ್ ಆಡಿಸಬಾರ್ದು ಅನ್ನೋದು ಎಲ್ಲಾ ಕಡೆ ಇರೋ ನಿಯಮ. ವಾಪಸ್ ಬರೋಕೆ ಆರು ಹಂತ ಇದೆ, ಮೊದ್ಲು ಬರೀ ದಿನನಿತ್ಯದ ಓಡಾಟ, ಆಮೇಲೆ ನಿಧಾನಕ್ಕೆ ವ್ಯಾಯಾಮ, ಒಬ್ಬನೇ ಬಾಲ್ ಜೊತೆ, ಟೀಮ್ ಜೊತೆ ಆದ್ರೆ ಡಿಕ್ಕಿ ಇಲ್ದೆ, ಆಮೇಲೆ ಡಾಕ್ಟರ್ ಒಪ್ಪಿದ್ರೆ ಪೂರ್ತಿ ಪ್ರಾಕ್ಟೀಸು, ಕೊನೇಗೆ ಮ್ಯಾಚು. ಒಂದೊಂದಕ್ಕೂ ಕಮ್ಮಿ ಅಂದ್ರೆ 24 ಗಂಟೆ, ಮಧ್ಯ ತಲೆನೋವು ಜಾಸ್ತಿ ಆದ್ರೆ ಹಿಂದಕ್ಕೆ. ಮಂಗಳವಾರ ಸಂಜೆಯಿಂದ ಶನಿವಾರ ಮೂರೂವರೆಗೆ ನಾಲ್ಕು ದಿನಾನೂ ತುಂಬಲ್ಲ. ಲೆಕ್ಕ ನೀವೇ ಹಾಕಿ. ಇದ್ರಲ್ಲಿ ಶನಿವಾರ ನೋಡೋಣ ಅನ್ನೋದಿಲ್ಲ, ಅವ್ನು ಆಡಂಗೇ ಇಲ್ಲ.

ಈಗ್ಲೇ ಫೋನ್ ಮಾಡಿ ಮೂರು ಕೇಳಿ. ವಾಂತಿ ಆಯ್ತಾ, ತಲೆನೋವು ಏರ್ತಾ ಇದ್ಯಾ, ಎಬ್ಬಿಸಿದ್ರೂ ಏಳದಷ್ಟು ನಿದ್ದೆನಾ. ಒಂದಕ್ಕೆ ಹೌದು ಅಂದ್ರೂ ಬೆಳಿಗ್ಗೆ ತನಕ ಕಾಯದೆ ಆಸ್ಪತ್ರೆಗೆ.

ಹಳೇ ಬ್ಯಾಕು · ಗುರುವಾರ ರಾತ್ರಿ 9:50

ತೊಡೆ ಹಿಡ್ಕೊಂಡು ನಿಂತ್ರೆ ಗ್ಯಾಲರಿಗೆಲ್ಲ ಕಾಣುತ್ತೆ. ತಲೆ ಪೆಟ್ಟು ತಿಂದು ಎದ್ದು ಆಡಿದ್ರೆ ಬಂಡೆ ಅಂತ ಶಿಳ್ಳೆ ಹೊಡೀತೀವಿ. ನಾನೂ ಹೊಡ್ದಿದೀನಿ. ಗ್ಯಾಲರಿ ತಮ್ಮ ಫೋನ್ ಮಾಡಿದ್ಯೇನಪ್ಪಾ?

ಗಂಗೋತ್ರಿ ಗ್ಯಾಲರಿ · ಶುಕ್ರವಾರ ರಾತ್ರಿ 8:35

ನಿನ್ನೆ ಆಮೇಲೆ ಬರೆಯೋಕಾಗ್ಲಿಲ್ಲ. 4ನೇ ನಂಬರ್‌ಗೆ ಫೋನ್ ಮಾಡ್ದೆ ಎತ್ತಲಿಲ್ಲ, ಕ್ಯಾಪ್ಟನ್ ಕರ್ಕೊಂಡು ಹಾಸ್ಟೆಲ್ ರೂಮಿಗೇ ಹೋದೆ. ಒಂಬತ್ತೂವರೆಗೇ ಲೈಟ್ ಆರಿಸ್ಕೊಂಡು ಮುಖಕ್ಕೆ ಟವಲ್ ಹಾಕ್ಕೊಂಡು ಮಲಗಿದ್ದ, ಲೈಟ್ ಹಾಕಿದ ತಕ್ಷಣ ಆರ್ಸೋ ಆರ್ಸೋ ಅಂದ. ಮಂಗಳವಾರ ರಾತ್ರಿ ಎರಡು ಸಲ ವಾಂತಿ ಆಗಿದೆ, ಮೆಸ್ಸಿನ ಪಲಾವ್ ಸರಿ ಇರ್ಲಿಲ್ಲ ಅಂತ ತಿಳ್ಕೊಂಡಿದಾನೆ. ಬುಧವಾರ ಕ್ಲಾಸಲ್ಲಿ ಬೋರ್ಡ್ ನೋಡೋಕಾಗ್ಲಿಲ್ಲ ಅಂತ ಎದ್ದು ಬಂದಿದಾನೆ. ಯಾಕೋ ಹೇಳ್ಲಿಲ್ಲ ಅಂದ್ರೆ, ಎಲ್ರೂ 9ನೇ ನಂಬರ್ ಟೆನ್ಷನಲ್ಲಿದ್ರಿ ಅದ್ರಲ್ಲಿ ನಂದೊಂದು ಯಾಕೆ ಅಂದ. ನಾನು ಏನೂ ಮಾತಾಡ್ಲಿಲ್ಲ.

ಪಿಡಿ ಸಾರ್‌ಗೆ ರಾತ್ರೀನೇ ಫೋನ್ ಮಾಡಿದ್ವಿ. ಬೈತಾರೆ ಅಂದ್ಕೊಂಡಿದ್ವಿ, ಲುಂಗಿ ಮೇಲೇ ಸ್ಕೂಟ್ರಲ್ಲಿ ಬಂದ್ರು. ಸ್ಕ್ಯಾನ್ ಮಾಡಿಸಿದ್ದಾಯ್ತು, ಒಳಗೆ ರಕ್ತ ಏನೂ ಕಟ್ಟಿಲ್ಲ, ಆದ್ರೆ ಡಾಕ್ಟರ್ ಕಮ್ಮಿ ಅಂದ್ರೂ ಎರಡು ವಾರ ಗ್ರೌಂಡ್ ಕಡೆ ತಲೆ ಹಾಕ್ಬೇಡ ಅಂದಿದಾರೆ, ಅವರಪ್ಪ ಹುಣಸೂರಿಂದ ಬಂದಿದಾರೆ.

ಇನ್ನು 9. ಇವತ್ತು ಸಂಜೆ ಫಿಸಿಯೋ ಮೇಡಮ್ ಹೇಳ್ದಂಗೆ ಕಾಲು ಝಾಡಿಸೋಕೆ ಹೇಳಿದ್ವಿ, ಎಡಗಾಲು ಮೂಗಿಗೆ ಬಡಿಯೋ ಹಂಗೆ ಹೋಯ್ತು, ಬಲಗಾಲು ಸೊಂಟದ ಎತ್ತರಕ್ಕೆ ಬಂದು ಹಂಗೇ ನಿಂತೋಯ್ತು, ನೋವಿಲ್ಲ ನೋವಿಲ್ಲ ಅಂತಾನೇ ಇದ್ದ. ಆರು ಸ್ಪ್ರಿಂಟ್ ಅಂತ ಇತ್ತು, ಮೂರು ಚೆನ್ನಾಗೇ ಓಡ್ದ, ನಾಲ್ಕನೇದ್ರಲ್ಲಿ ಅರ್ಧಕ್ಕೆ ಸ್ಪೀಡ್ ಇಳಿಸ್ದ, ಐದನೇದಕ್ಕೆ ಸಾರ್ ಬೇಡ ಅಂದ್ರು. ಬೆಂಚು. ಬೇಕೇ ಬೇಕು ಅಂದ್ರೆ ಕೊನೇ ಇಪ್ಪತ್ತು ನಿಮಿಷ, ಅದೂ ಓಡೋಕಲ್ಲ, ಎದುರಿನವ್ರ ಗೋಲ್ ಮುಂದಿನ ಬಾಕ್ಸಲ್ಲಿ ನಿಲ್ಲೋಕೆ ಅಂತ ಸಾರ್ ಹೇಳಿದಾರೆ. ಮೇಡಮ್ ಇದಕ್ಕೂ ಬೇಡ ಅಂತೀರಾ?

ಫಿಸಿಯೋ ಹುಡುಗಿ · ಶುಕ್ರವಾರ ರಾತ್ರಿ 8:52

ನಾನಾಗಿದ್ರೆ ಜೆರ್ಸಿನೇ ಕೊಡ್ತಿರ್ಲಿಲ್ಲ. ಬಾಕ್ಸಲ್ಲಿ ನಿಲ್ತೀನಿ ಅಂದೋನ ಮುಂದೆ ಬಾಲ್ ಬಿದ್ರೆ ನಿಲ್ತಾನಾ? ಮ್ಯಾಚ್ ಮುಗಿದ್ಮೇಲೆ ನನ್ ಹತ್ರ ಕಳ್ಸಿ, ನಾರ್ಡಿಕ್ ಅಂತ ಒಂದು ಎಕ್ಸರ್ಸೈಜ್ ಇದೆ, ಮಂಡಿಯೂರಿ ಕೂತು ಹಿಂದೆ ಒಬ್ರು ಹಿಮ್ಮಡಿ ಅದುಮಿ ಹಿಡೀಬೇಕು, ಮೈ ಬಗ್ಗಿಸ್ದೆ ನಿಧಾನಕ್ಕೆ ಮುಂದಕ್ಕೆ ಬೀಳೋದು. ಟೀಮೆಲ್ಲ ಮಾಡಿದ್ರೆ ಈ ಥರ ಹರಿಯೋದು ಸುಮಾರು ಅರ್ಧದಷ್ಟು ಕಮ್ಮಿ ಆಗುತ್ತೆ, ಒಂದು ರೂಪಾಯಿ ಖರ್ಚಿಲ್ಲ.

ಸರಸ್ವತಿಪುರಂ ಸೈಕಲ್ · ಶುಕ್ರವಾರ ರಾತ್ರಿ 9:05

ಅದೆಲ್ಲ ಸರಿ, ನಾಳೆ ಸ್ಟಾಪರ್ ಯಾರು ಗುರು

ಗಂಗೋತ್ರಿ ಗ್ಯಾಲರಿ · ಶುಕ್ರವಾರ ರಾತ್ರಿ 9:14

ಇಂಟರ್ನಲ್ಸ್ ಗಿರಾಕಿ. ರೈಟ್ ಬ್ಯಾಕನ್ನ ಮಧ್ಯಕ್ಕೆ ತಂದಿದಾರೆ, ಪೇಪರ್ ಬೇಗ ಕೊಟ್ಟು ಬಾರೋ ಅಂತ ಹೇಳಿದ್ರೆ ಬೇಗ ಕೊಡೋದು ನನ್ಗೆ ಹೊಸದಲ್ಲ ಅಂದ. ಸೆಮಿಯಲ್ಲಿ 9ರ ಬದ್ಲು ಆಡ್ದ ಫಸ್ಟ್ ಇಯರ್ ಹುಡುಗನೇ ನಾಳೆ ಮುಂದೆ. ಹಳೇ ಬ್ಯಾಕು ಸಾರ್, ಅವನ ಬಗ್ಗೆ ಬರೀಲಿಲ್ಲ ಅಂದ್ರಲ್ಲ, ಶೂಟೌಟಲ್ಲಿ ಗೆಲ್ಲೋ ಪೆನಾಲ್ಟಿ ಹೊಡ್ದಿದ್ದೇ ಅವ್ನು, ಬೂಟು ಎರಡು ಸೈಜ್ ದೊಡ್ಡದು, ಅಣ್ಣಂದು. ಇವತ್ತು 9ನೇ ನಂಬರೇ ತನ್ ಬೂಟು ಬಿಚ್ಚಿ ಕೊಟ್ಟ, ಅದು ಒಂದು ಸೈಜ್ ದೊಡ್ಡದು.

ಬೈಲಕುಪ್ಪೆ ಹುಡ್ಗ ಬಸ್ ಹತ್ತಿದಾನೆ, ಡಬ್ಬ ತುಂಬ ಕರಿದ ತಿಂಡಿ ತರ್ತಿದಾನಂತೆ.

ಮಂಡ್ಯದಣ್ಣ, ನಿನ್ನೆ ಹಂಗಂದಿದ್ದು ತಪ್ಪಾಯ್ತು.

ಮಂಡ್ಯ ಮಿಡ್‌ಫೀಲ್ಡು · ಶುಕ್ರವಾರ ರಾತ್ರಿ 9:30

ಬುಡು ಬುಡು. ನಾಳೆ ಮೂರು ಗಂಟೆಗೆಲ್ಲ ಪೆವಿಲಿಯನ್ ಕಡೆ ನೆರಳಲ್ಲಿ ಜಾಗ ಹಿಡಿದಿರು, ಹತ್ತು ಜನ ಬತ್ತೀವಿ. ಆ 4ನೇ ನಂಬರ್ ಹುಡ್ಗ ನೋಡೋಕೆ ಬಂದ್ರೆ ನಮ್ ಪಕ್ಕನೇ ಕೂರ್ಸು, ಸ್ಕೋರ್ ಎಷ್ಟು ಅಂತ ಎಷ್ಟು ಸಲ ಕೇಳಿದ್ರೂ ಯೋಳ್ತೀನಿ. ಆದ್ರೆ ಕೀಪರ್‌ದು ಮಾತ್ರ ಎಣಿಸೋದೇ, 8 ಸೆಕೆಂಡು.